ಸುರಪುರದ ಟೇಲರ್ ಮಂಜಿಲ್

ಕಟ್ಟಿಸಿದವನ ಹೆಸರನ್ನು ಉಳಿಸಿಕೊಂಡ ಮನೆಗಳು ನಮ್ಮ ಕಡೆ ಕಡಮೆ. ಗುಡಿಗೆ ದೇವರ ಹೆಸರು, ಅರಮನೆಗೆ ಊರಿನ ಹೆಸರು. ಸಾಮಾನ್ಯರ ಮನೆಗೆ ಹೆಸರೇ ಇಲ್ಲ. ಮನೆತನದ ಹೆಸರೇ ಅದರ ಗುರುತು. ಸುರಪುರದ ಗುಡ್ಡದ ಮೇಲಿರುವ ಒಂದು ಬಂಗಲೆಯ ಮಾತು ಮಾತ್ರ ಬೇರೆ. ಅದನ್ನು ಕಟ್ಟಿಸಿದವನು ಇಂಗ್ಲೆಂಡಿನ ಲಿವರ್‌ಪೂಲಿನವನು. ಆತ ಊರು ಬಿಟ್ಟು ಒಂದೂವರೆ ಶತಮಾನವೇ ಕಳೆದಿದೆ. ಅವನ ಹಿಂದೆ ನಿಜಾಮನ ಆಳಿಕೆ ಬಂದು ಹೋಯಿತು, ಮೈಸೂರು ರಾಜ್ಯ ಬಂದು ಕರ್ನಾಟಕವಾಯಿತು. ಆದರೂ ಊರಿನವರ ಬಾಯಲ್ಲಿ ಅದು ಟೇಲರ್ ಮಂಜಿಲ್ಲೇ. ಅರ್ಧ ಇಂಗ್ಲಿಷು, ಅರ್ಧ ಉರ್ದು, ಆಡುವವರು ಕನ್ನಡಿಗರು! ಹೆಸರಿನಲ್ಲೇ ಆ ಸೀಮೆಯ ಚರಿತ್ರೆ ಮುಕ್ಕಾಲು ಪಾಲು ಅಡಗಿದೆ.

ಯೂರೋಪಿನಲ್ಲಿ ಹಳೆಯ ಶ್ರೀಮಂತರ ಮನೆಗಳಿಗೆ ಒಂದು ಎರಡನೆಯ ಜನ್ಮವುಂಟು. ರೋಮ್ ನಗರದ ವಿಲ್ಲಾ ಮೆಡಿಚಿಯನ್ನು ತೆಗೆದುಕೊಳ್ಳಿ. ಹದಿನಾರನೆಯ ಶತಮಾನದಲ್ಲಿ ಮೆಡಿಚಿ ಮನೆತನದವರು ತಮ್ಮ ವೈಭವಕ್ಕೆಂದು ಅಲಂಕರಿಸಿದ ಆ ಭವನಕ್ಕೆ ನೆಪೋಲಿಯನ್ ೧೮೦೩ರಲ್ಲಿ ಫ್ರಾನ್ಸಿನ ಕಲಾಶಾಲೆಯನ್ನು ತಂದಿರಿಸಿದ. ಅಂದಿನಿಂದ ಚಿತ್ರಕಾರರೂ ಶಿಲ್ಪಿಗಳೂ ಸಂಗೀತಗಾರರೂ ಅಲ್ಲಿದ್ದು ಕೆಲಸ ಮಾಡುತ್ತಾ ಬಂದಿದ್ದಾರೆ. ನಮ್ಮಲ್ಲಿಯೂ ಮೈಸೂರಿನ ಜಗನ್ಮೋಹನ ಅರಮನೆ ೧೯೧೫ರಲ್ಲಿ ಚಿತ್ರಶಾಲೆಯಾಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ 'ಸನ್ನಿಸೈಡ್' ಮನೆ ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಟೇಲರ್ ಮಂಜಿಲ್ಲಿಗೆ ಬಂದ ಎರಡನೆಯ ಜನ್ಮ ಅಷ್ಟು ಭಾಗ್ಯದ್ದಲ್ಲ, ತೀರ ದೌರ್ಭಾಗ್ಯದ್ದೂ ಅಲ್ಲ. ಅದು ಸರಕಾರದ ಪ್ರವಾಸಿ ಮಂದಿರವಾಯಿತು. ಆ ಮನೆಗೆ ಇನ್ನೂ ಒಂದು ಜನ್ಮ ಸಲ್ಲಬೇಕೆಂಬುದು ನನ್ನ ಎಣಿಕೆ. ಏಕೆಂದು ಹೇಳಬೇಕಾದರೆ ಮನೆಯ ಕಥೆಯನ್ನೇ ಹೇಳಬೇಕು.

ಹೋಗುವ ದಾರಿ ಸುಲಭವಾಗಿದೆ. ಮುಂಬಯಿ–ಮದರಾಸು ರೈಲುದಾರಿಯಲ್ಲಿ ಯಾದಗಿರಿ ನಿಲ್ದಾಣ. ಇಳಿದವರಿಗೆ ಮೊದಲು ಕಾಣುವುದು ಕೋಟೆಯನ್ನು ಹೊತ್ತ ಕರಿಯ ಬೆಟ್ಟ. ಅಲ್ಲಿಂದ ಭೀಮಾನದಿ ದಾಟಿ ಶಹಾಪುರ. ಊರಿಗೊರಗಿದ ಗುಡ್ಡಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ತೋರುತ್ತದೆಂದು ಜನ ಹೇಳುತ್ತಾರೆ. ಒಮ್ಮೆ ಕೇಳಿದ ಮೇಲೆ ಬೇರೆ ಯಾವ ರೀತಿಯಲ್ಲೂ ಕಾಣುವುದಿಲ್ಲ. ಶಹಾಪುರದ ಹತ್ತಿರ ವಿಭೂತಿಹಳ್ಳಿಯೆಂಬ ಊರಿದೆ. ಅಲ್ಲಿಯ ಬಯಲಿನಲ್ಲಿ ಯಾವುದೋ ಕಾಲದ ಜನ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಉರುಳಿಸಿ ತಂದು ಪಗಡೆ ಹಾಸಿನ ಮನೆಗಳಂತೆ ಸಾಲುಸಾಲಾಗಿ ಇಟ್ಟು ಹೋಗಿದ್ದಾರೆ. ಏಕೆ ಇಟ್ಟರು ಎಂಬುದಕ್ಕೆ ಪಂಡಿತರಲ್ಲಿ ಒಮ್ಮತವಿಲ್ಲ. ಆ ಕಲ್ಲುಗಳನ್ನು ಮೊದಲು ವಿದ್ವಾಂಸರ ಲೋಕಕ್ಕೆ ತಿಳಿಸಿದವನು ನಮ್ಮ ಟೇಲರನೇ. ಹೀಗೆ ಸುರಪುರ ಮುಟ್ಟುವ ಮೊದಲೇ ಅವನ ಹೆಜ್ಜೆಯ ಗುರುತು ಸಿಗತೊಡಗುತ್ತದೆ.

ಸುರಪುರವೆಂದರೆ ಇಂಗ್ಲಿಷರ ದಾಖಲೆಗಳ 'ಶೋರಾಪುರ'. ಗೋಸಲ ವಂಶದ ಬೇಡ ನಾಯಕರ ರಾಜಧಾನಿ. ಈ ನಾಯಕರು ಎಂತಹ ಜನವೆಂದು ತಿಳಿಯಲು ಒಂದು ಸಂಗತಿ ಸಾಕು. ಬಿಜಾಪುರವನ್ನೂ ಗೋಲ್ಕೊಂಡವನ್ನೂ ನುಂಗಿದ ಔರಂಗಜೇಬ್ ಬಾದಶಹನು ತನ್ನ ಮುಪ್ಪಿನಲ್ಲಿ ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಇವರದು. ಸುರಪುರದ ಹತ್ತಿರದ ವಾಗಿನಗೇರಿ, ೧೭೦೫ನೆಯ ಇಸವಿ. ತಿಂಗಳುಗಟ್ಟಲೆ ಹೋರಾಡಿ ಬಾದಶಹನ ಸೈನ್ಯ ಒಳಹೊಕ್ಕಾಗ ಪಿಡ್ಡನಾಯಕನು ಜಾಗ ಖಾಲಿ ಮಾಡಿದ್ದನು! ಎರಡು ವರ್ಷಕ್ಕೆ ಬಾದಶಹ ತೀರಿಕೊಂಡ. ನಾಯಕರು ಮಾತ್ರ ಇನ್ನೂ ಒಂದೂವರೆ ನೂರು ವರ್ಷ ಆಳಿದರು. ಕಾಳಗವೊಂದೇ ಅವರ ಕಸುಬಾಗಿರಲಿಲ್ಲ. ಬಂಗಾರದ ರೇಕು ಹಚ್ಚಿ ಚಿಕಣಿ ಚಿತ್ರ ಬರೆಯುವ ಕಲೆಗಾರರನ್ನು ಸಾಕಿದ ದರಬಾರು ಅದು. ಸುರಪುರದ ಚಿತ್ರಗಳೆಂದು ಆ ಕಲೆಗೆ ಈಗಲೂ ಹೆಸರುಂಟು.

೧೮೪೧ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಈ ಊರಿಗೆ ಬಂದಾಗ ಆ ವೈಭವ ಇಳಿಮುಖವಾಗಿತ್ತು. ನಿಜಾಮನಿಗೆ ಕೊಡಬೇಕಾದ ಕಪ್ಪದ ಬಾಕಿ ಬೆಟ್ಟದಷ್ಟು, ಮನೆಯೊಳಗೆ ಜಗಳ. ಟೇಲರನಿಗೆ ಆಗ ಮೂವತ್ತಮೂರು ವಯಸ್ಸು. ಹದಿನೈದರ ಹುಡುಗನಾಗಿದ್ದಾಗ ಮುಂಬಯಿಯ ವ್ಯಾಪಾರಿಯೊಬ್ಬನಲ್ಲಿ ಗುಮಾಸ್ತಿಕೆಗೆಂದು ಹಡಗು ಹತ್ತಿ ಬಂದವನು. ಆ ವ್ಯಾಪಾರ ನೆಚ್ಚುವಂತಿರಲಿಲ್ಲವಾಗಿ ನಿಜಾಮನ ಸೈನ್ಯ ಸೇರಿದ. ಕಂಪನಿಯ ದೊಡ್ಡ ಅಧಿಕಾರಿಗಳ ಪಂಕ್ತಿಗೆ ಆತ ಎಂದೂ ಸೇರಿದವನಲ್ಲ. ಸರ್ವೇ, ಕಾನೂನು, ಕಟ್ಟಡ ಕಟ್ಟುವುದು, ದೇಶೀಯ ಭಾಷೆಗಳು, ಚಿತ್ರ ಬರೆಯುವುದು—ಎಲ್ಲ ಸ್ವಂತ ಕಲಿಕೆ. ೧೮೩೯ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಕನ್‌ಫೆಶನ್ಸ್ ಆಫ್ ಎ ಥಗ್' ಎಂಬ ಕಾದಂಬರಿಯಿಂದ ಹೆಸರುವಾಸಿಯಾಗಿದ್ದ. ಮಹಾರಾಣಿ ವಿಕ್ಟೋರಿಯಾ ಕೂಡ ಅದನ್ನು ಆಸಕ್ತಿಯಿಂದ ಓದಿದಳು. ಅಂತಹ ಲೇಖಕನನ್ನು ಹೈದರಾಬಾದಿನ ರೆಸಿಡೆಂಟ್ ಫ್ರೇಜರನು ಬೇಡರ ಗುಡ್ಡಗಳ ನಡುವೆ ತಂದಿಳಿಸಿದ.

ಬಂದ ಮರುವರ್ಷವೇ, ೧೮೪೨ರಲ್ಲಿ, ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡನು. ಉಳಿದವರು ಎಂಟರ ಆಸುಪಾಸಿನ ಮಗ ವೆಂಕಟಪ್ಪ, ವಿಧವೆ ರಾಣಿ ಈಶ್ವರಮ್ಮ, ಪಟ್ಟದ ಮೇಲೆ ಕಣ್ಣಿಟ್ಟ ಚಿಕ್ಕಪ್ಪ ಪಿಡ್ಡನಾಯಕ, ಹೇಳಿದ ಮಾತ್ರಕ್ಕೆ ಕತ್ತಿ ಹಿಡಿದು ನಿಲ್ಲುವ ಸಾವಿರಾರು ಬೇಡರು. ಟೇಲರನ ಹಿಂದೆ ದೊಡ್ಡ ಸೈನ್ಯವೇನೂ ಇರಲಿಲ್ಲ. ಹುಡುಗನನ್ನು ಗದ್ದುಗೆಗೆ ಏರಿಸಿ, ಚಿಕ್ಕಪ್ಪನನ್ನು ಸಮಾಧಾನಪಡಿಸಿ, ಬೇಡರನ್ನು ತಣ್ಣಗಾಗಿಸಿ ಸಂಸ್ಥಾನವನ್ನು ಕೈಗೆ ತೆಗೆದುಕೊಂಡದ್ದು ಸಣ್ಣ ಸಾಹಸವಲ್ಲ. ಮುಂದಿನ ಹತ್ತು ಹನ್ನೊಂದು ವರ್ಷ ಆತ ಸುರಪುರದ ದೊರೆಯಲ್ಲದ ದೊರೆ. ಹುಡುಗ ಅವನನ್ನು 'ಅಪ್ಪಾ' ಎಂದು ಕರೆಯತೊಡಗಿದ.

ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಮಾತ್ರ ಒಂದು ದಿನವೂ ಸರಿಹೋಗಲಿಲ್ಲ. ಆತ ತನ್ನ ಆತ್ಮಕಥೆಯಲ್ಲಿ ಅವಳನ್ನು ಬಣ್ಣಿಸಿರುವ ಬಣ್ಣ ಕರಿದೇ. ದುರ್ಬುದ್ಧಿಯವಳು, ಹಠಮಾರಿ, ನಡತೆಗೆಟ್ಟವಳು. ಇರಬಹುದು. ಆದರೆ ತನ್ನ ಗಂಡನ ಸಂಸ್ಥಾನವನ್ನು ಎಲ್ಲಿಂದಲೋ ಬಂದ ಒಬ್ಬ ಕ್ಯಾಪ್ಟನ್ ಆಳುವುದನ್ನು, ತನ್ನ ಮಗ ಅವನನ್ನು ಅಪ್ಪನೆನ್ನುವುದನ್ನು ಕಂಡ ಹೆಂಗಸು ಇನ್ನು ಹೇಗಿರಬೇಕಿತ್ತು? ಈಶ್ವರಮ್ಮ ಆತ್ಮಕಥೆ ಬರೆಯಲಿಲ್ಲ. ನಮಗೆ ಸಿಕ್ಕಿರುವುದು ಒಂದೇ ಪಕ್ಷದ ಕಾಗದ. ಸುರಪುರದ ಆ ಕಾಲದ ಚರಿತ್ರೆಯನ್ನು ಓದುವಾಗ ಈ ಮಾತನ್ನು ಪುಟಪುಟಕ್ಕೂ ನೆನೆಯಬೇಕು.

ಬಂಗಲೆ ಎದ್ದದ್ದು ೧೮೪೪ರಲ್ಲಿ. ಕಟ್ಟಿಸಿದವನೇ ಅದರ ಇಂಜಿನಿಯರು. ಊರಿಗೆ ಮೇಲಾದ ದಿಬ್ಬವನ್ನು ಆರಿಸಿಕೊಂಡದ್ದರಲ್ಲಿ ಎರಡು ಬುದ್ಧಿಗಳಿವೆ. ಕವಿಯ ಕಣ್ಣಿಗೆ ಅದು ಗುಡ್ಡಗಳ ಮೇಲಿನ ಸೂರ್ಯಾಸ್ತ ನೋಡುವ ಜಾಗ. ಆಡಳಿತಗಾರನ ಕಣ್ಣಿಗೆ ಊರಿನ ಅಂಗಳಗಳನ್ನೆಲ್ಲ ನೋಡುವ ಜಾಗ. ಕಾದಂಬರಿಕಾರನೂ ಅಧಿಕಾರಿಯೂ ಒಬ್ಬನೇ ಆದಾಗ ಮನೆ ಹೀಗೆಯೇ ಇರುತ್ತದೆ. ಆದರೆ ಆ ಮನೆಯಲ್ಲಿ ಸಂಸಾರದ ಸದ್ದು ತುಂಬಲಿಲ್ಲ. ಟೇಲರನ ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು, ಅದೇ ೧೮೪೪ರಲ್ಲಿ ತೀರಿಕೊಂಡಳು. ಹೆಣ್ಣುಮಕ್ಕಳು ಕಡಲಾಚೆ ಬೆಳೆದರು. ಹೊಸ ಮನೆಯ ಒಡೆಯ ಹಗಲೆಲ್ಲ ಕಚೇರಿ, ರಾತ್ರಿಯಾದರೆ ಕಾಗದ ಬರೆಯುವುದು. ಲಂಡನ್ನಿನಲ್ಲಿದ್ದ ಬಂಧು ಹೆನ್ರಿ ರೀವನಿಗೆ ಬರೆದ ಆ ಕಾಗದಗಳು ೧೯೪೭ರಲ್ಲಿ ಪುಸ್ತಕವಾಗಿ ಹೊರಬಂದವು. ಲಂಡನ್ನಿನ 'ಟೈಮ್ಸ್' ಪತ್ರಿಕೆಗೂ ಆತ ಭಾರತದಿಂದ ಬರೆಯುತ್ತಿದ್ದವನು.

ಸಂಜೆಯ ವೇಳೆಗೆ ಇನ್ನೊಂದು ಹವ್ಯಾಸವಿತ್ತು. ಹುಣಸಗಿಯ ಕಡೆ ರಾಜನಕೋಳೂರಿನಲ್ಲಿ ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕಲ್ಲುಮನೆಗಳಿವೆ. ಹಳ್ಳಿಯವರು ಅವನ್ನು ಮೋರೇರ ಮನೆಗಳೆನ್ನುತ್ತಿದ್ದರು. ಬಹಳ ಹಿಂದೆ ಇಲ್ಲಿದ್ದ ಕುಳ್ಳ ಜನ ವಾಸಿಸಲೆಂದು ಕಟ್ಟಿಕೊಂಡದ್ದೆಂದು ಕಥೆ. ಟೇಲರ್ ಅಳೆದ, ಚಿತ್ರ ಬರೆದ, ಜೇವರಗಿಯ ಬಳಿ ಕಲ್ಲುಗುಪ್ಪೆಗಳನ್ನು ಅಗೆಸಿ ನೋಡಿದ. ಐರ್ಲೆಂಡಿನಲ್ಲಿಯೂ ಬ್ರಿಟನ್ನಿನಲ್ಲಿಯೂ ಇಂಥವೇ ಇವೆಯಲ್ಲ ಎಂದು ಬೆರಗಾದ. ೧೮೫೩ರಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಲೇಖನ ಬಂತು. ಗುಪ್ತನಿಧಿಯ ಆಸೆಗಲ್ಲದೆ ತಿಳಿವಳಿಕೆಗೆಂದು, ಪದರ ಪದರವಾಗಿ ಗುರುತು ಹಾಕಿಕೊಂಡು ಗೋರಿ ಅಗೆದವರಲ್ಲಿ ಆತ ನಮ್ಮ ದೇಶಕ್ಕೇ ಮೊದಲಿಗರ ಪೈಕಿ. ಇಂದು ಕಲ್ಬುರ್ಗಿ, ಯಾದಗಿರಿ ಸೀಮೆಯ ಪ್ರಾಗಿತಿಹಾಸ ಬರೆಯುವವರು ಅವನ ಹೆಸರಿಲ್ಲದೆ ಮೊದಲ ಪುಟ ದಾಟುವಂತಿಲ್ಲ.

ಬೋನಾಳದ ಕೆರೆಯನ್ನೂ ಇಲ್ಲಿಯೇ ನೆನೆಯಬೇಕು. ಸುರಪುರದ ನಾಯಕರು ಕಟ್ಟಿಸಿದ್ದ ಈ ದೊಡ್ಡ ಕೆರೆಯನ್ನು ಟೇಲರ್ ಸರಿಪಡಿಸಿದ. ರಸ್ತೆ ಮಾಡಿಸಿದ, ಲೆಕ್ಕಪತ್ರ ತಿದ್ದಿದ, ಬರಿದಾಗಿದ್ದ ಬೊಕ್ಕಸದಲ್ಲಿ ಹಣ ಉಳಿಯುವಂತೆ ಮಾಡಿದ. ಮೆಡೋಸ್ ಎಂಬ ಹೆಸರು ತಾನಾಳಿದ ಸೀಮೆಯ ಜನರ ನಾಲಗೆಯ ಮೇಲೆ 'ಮಹಾದೇವ ಬಾಬಾ' ಆಯಿತೆಂದು ಆತನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಸಾಹೇಬರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಹೊಗಳಿಕೆಗೆ ನಾವು ಸಾಮಾನ್ಯವಾಗಿ ಅರ್ಧ ಬೆಲೆ ಕಟ್ಟಬೇಕು. ಆದರೆ ಊರು ಅವನ ಮನೆಗೆ ಅವನ ಹೆಸರನ್ನೇ ಉಳಿಸಿರುವುದನ್ನು ನೋಡಿದರೆ ಪೂರ್ತಿ ಬೆಲೆಯನ್ನೇ ಕೊಡಬಹುದೇನೋ.

೧೮೫೩ರಲ್ಲಿ ಟೇಲರನಿಗೆ ನಳದುರ್ಗದ ಕಡೆ ವರ್ಗವಾಯಿತು. ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕ ಸಂಸ್ಥಾನವನ್ನು ವಹಿಸಿಕೊಂಡ. ನಾಲ್ಕೇ ವರ್ಷದಲ್ಲಿ ಉತ್ತರದಿಂದ ೧೮೫೭ರ ಗಾಳಿ ಬೀಸಿತು. ಜನರ ಕೈಯ ಆಯುಧ ಕಿತ್ತುಕೊಳ್ಳುವ ಕಾಯಿದೆಯ ವಿರುದ್ಧ ಹಲಗಲಿಯ ಬೇಡರು ಎದ್ದದ್ದು ಅದೇ ವರ್ಷದ ನವೆಂಬರಿನಲ್ಲಿ. ಸುರಪುರದ ರಾಜನು ಅರಬರನ್ನೂ ರೋಹಿಲರನ್ನೂ ಕೂಡಿಸುತ್ತಿದ್ದಾನೆ, ನಾನಾಸಾಹೇಬನ ಕಡೆಯವರು ಬಂದು ಹೋಗುತ್ತಿದ್ದಾರೆ ಎಂದು ಹೈದರಾಬಾದಿಗೆ ಸುದ್ದಿ ಮುಟ್ಟಿತು. ರೆಸಿಡೆಂಟನು ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಬುದ್ಧಿ ಹೇಳಲು ಕಳುಹಿಸಿ, ಲಿಂಗಸುಗೂರಿನಿಂದ, ಕಲಾದಗಿಯಿಂದ, ಮದರಾಸಿನ ಕಡೆಯಿಂದ ಪಡೆಗಳನ್ನು ಸುರಪುರದತ್ತ ನಡೆಸಿದ. ಬುದ್ಧಿ ಹೇಳುವ ಕೈಯಲ್ಲಿ ಬಂದೂಕಿದ್ದರೆ ಹುಡುಗು ರಕ್ತ ಕೇಳೀತೆ? ೧೮೫೮ರ ಫೆಬ್ರುವರಿ ೭ರ ರಾತ್ರಿ ಬೇಡರು ವಿಂಡಮ್ಮನ ಶಿಬಿರದ ಮೇಲೆ ಬಿದ್ದರು. ಮರುದಿನ ಬೆಟ್ಟದಲ್ಲಿ ನಡೆದ ಕಾಳಗದಲ್ಲಿ ಮದರಾಸಿನ ಕುದುರೆ ಪಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಅವನ ಕೈಕೆಳಗಿನ ಸ್ಟುವರ್ಟನಿಗೆ ಮರಣಾಂತಿಕ ಗಾಯವಾಯಿತು. ಸುತ್ತ ಪಡೆಗಳು ಕವಿಯುತ್ತಿರುವುದನ್ನು ಕಂಡ ರಾಜನು ಆ ರಾತ್ರಿ ಬೆರಳೆಣಿಕೆಯ ಸವಾರರೊಂದಿಗೆ ಹೈದರಾಬಾದಿನ ದಾರಿ ಹಿಡಿದ. ಅಲ್ಲಿ ಸಿಕ್ಕಿಬಿದ್ದ. ದಿವಾನ ಸಾಲಾರ್ ಜಂಗನು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ.

ಟೇಲರ್ ಸುರಪುರಕ್ಕೆ ಮತ್ತೆ ಬಂದ, ಈ ಸಲ ಕಮೀಷನರಾಗಿ. ತಾನು ಬೆಳೆಸಿದ ಹುಡುಗ ಸೆರೆಮನೆಯಲ್ಲಿ, ಅವನ ರಾಜ್ಯ ತನ್ನ ಕೈಯಲ್ಲಿ! ಹೈದರಾಬಾದಿನಲ್ಲಿ ಸೆರೆಯಾಳನ್ನು ನೋಡಲು ಹೋದಾಗ ರಾಜನು ಕೊರಳಿಗೆ ಬಿದ್ದು ಅತ್ತನಂತೆ. ಸಾಯಲು ಹೆದರಿಕೆಯಿಲ್ಲ, ಕಳ್ಳನಂತೆ ಗಲ್ಲಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದನಂತೆ. ತನ್ನನ್ನು ಪ್ರಚೋದಿಸಿದವರ ಹೆಸರು ಹೇಳಿದರೆ ಉಳಿಯುವ ದಾರಿಯುಂಟೆಂದರೂ ಬಾಯಿ ಬಿಡಲಿಲ್ಲವಂತೆ. 'ಅಂತೆ' ಎನ್ನುತ್ತಿರುವುದು ಟೇಲರನೇ ಇದಕ್ಕೆ ಸಾಕ್ಷಿಯಾದ್ದರಿಂದ. ಆದರೆ ನಂಬಬಹುದಾದ ಸಾಕ್ಷಿ ಎಂದು ನನಗೆ ತೋರುತ್ತದೆ. ಸರಕಾರಕ್ಕೆ ವೈರಿಯಾದವನ ಧೈರ್ಯವನ್ನು ಸರಕಾರದ ನೌಕರನೊಬ್ಬ ಹೀಗೆ ಬರೆದಿಡಬೇಕಾದರೆ ಅದು ಕಣ್ಣಾರೆ ಕಂಡದ್ದೇ ಇರಬೇಕು.

ಮರಣದಂಡನೆ ಮೊದಲು ಕರಿನೀರಾಯಿತು. ಬಳಿಕ ಗವರ್ನರ್ ಜನರಲನು ಅದನ್ನೂ ಇಳಿಸಿ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದ. ಒಳ್ಳೆಯ ನಡತೆ ತೋರಿದರೆ ಸಂಸ್ಥಾನ ಮರಳಿ ಸಿಕ್ಕೀತೆಂಬ ಆಸೆಯೂ ಇತ್ತು. ರಾಜನು ಇಪ್ಪತ್ತನಾಲ್ಕರಲ್ಲಿ ಸಾಯುತ್ತಾನೆಂದು ಜಾತಕ ಬರೆದಿದ್ದ ಅರಮನೆಯ ಶಾಸ್ತ್ರಿಗಳಿಗೆ ಟೇಲರ್ ಈ ಸುದ್ದಿಯನ್ನು ಸಂತೋಷದಿಂದ ಹೇಳಿದನಂತೆ. ಮುದುಕ ತಲೆ ಅಲ್ಲಾಡಿಸಿದನಂತೆ. ಹೆಚ್ಚು ದಿನ ಹೋಗಲಿಲ್ಲ. ಸೆರೆಯಾಳನ್ನು ಕರೆದೊಯ್ಯುತ್ತಿದ್ದ ಪಡೆ ಹೈದರಾಬಾದಿನಿಂದಾಚೆ ಮೊದಲ ಬಿಡಾರ ಹಾಕಿದಾಗ, ಅಧಿಕಾರಿ ಪಿಸ್ತೂಲಿನ ಪಟ್ಟಿಯನ್ನು ಕುರ್ಚಿಗೆ ತೂಗುಹಾಕಿ ಡೇರೆಯ ಹೊರಗೆ ಹೋಗಿದ್ದ. ಒಳಗೆ ಗುಂಡಿನ ಸದ್ದಾಯಿತು. ತಾನೇ ಹಾರಿಸಿಕೊಂಡನೆಂದು ಸರಕಾರದ ವರದಿ. ಕಾವಲಿನಲ್ಲಿದ್ದ ರಾಜನ ಕೈಗೆ ಗುಂಡು ತುಂಬಿದ ಪಿಸ್ತೂಲು ಅಷ್ಟು ಸಲೀಸಾಗಿ ಎಟುಕಿದ್ದು ಹೇಗೆ ಎಂದು ಕೇಳುವವರ ಬಾಯಿ ಮುಚ್ಚಿಸುವ ಉತ್ತರ ಆ ವರದಿಯಲ್ಲಿಲ್ಲ.

ಜಾತಕದ ಮಾತಿಗೆ ಟೇಲರ್ ತನ್ನ ಪುಸ್ತಕದಲ್ಲಿ ಕೊಟ್ಟಿರುವ ಜಾಗ ದೊಡ್ಡದು. ಕಾದಂಬರಿಕಾರನ ಕೈಗೆ ಅಂತಹದು ಸಿಕ್ಕರೆ ಬಿಟ್ಟಾನೆಯೆ! ನನಗೆ ಮಾತ್ರ ಗ್ರಹಗತಿಗಿಂತ ೧೮೬೦ರ ಲೆಕ್ಕಾಚಾರವೇ ಹೆಚ್ಚು ವಿಧಿಯಂತೆ ಕಾಣುತ್ತದೆ. ಆ ವರ್ಷ ಇಂಗ್ಲಿಷರು ದಂಗೆಯ ಕಾಲದಲ್ಲಿ ತಮ್ಮ ಪಕ್ಷ ಬಿಡದ ನಿಜಾಮನಿಗೆ ಸುರಪುರ ಸಂಸ್ಥಾನವನ್ನು ಕೊಟ್ಟುಬಿಟ್ಟರು. ಔರಂಗಜೇಬನಿಗೆ ದಕ್ಕದ್ದು ಅವನ ಸುಬೇದಾರನ ವಂಶಕ್ಕೆ ಒಂದು ಸಹಿಯಿಂದ ದಕ್ಕಿತು. ಅದೇ ೧೮೬೦ರಲ್ಲಿ ದೇಹಸ್ಥಿತಿ ಕೆಟ್ಟು ಟೇಲರ್ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೋದ. ಬಂಗಲೆ ಉಳಿಯಿತು.

ಒಳ್ಳೆಯವನೊಬ್ಬನು ಕೆಟ್ಟ ವ್ಯವಸ್ಥೆಯ ಕೆಲಸ ಮಾಡಿದರೆ ಆಗುವುದೇನೆಂದು ತಿಳಿಯಬಯಸುವವರಿಗೆ ಈ ಮನೆಗಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಟೇಲರನ ಪ್ರೀತಿ ಸುಳ್ಳಲ್ಲ. ಆ ಹುಡುಗನಿಗೆ ಅಕ್ಷರ, ಲೆಕ್ಕ, ಆಡಳಿತ ಕಲಿಸಿದ ಮಮತೆ ಸುಳ್ಳಲ್ಲ. ಆದರೆ ಆ ಮಮತೆಯ ಹಿಂದೆ ರೆಸಿಡೆನ್ಸಿಯಿತ್ತು, ಅದರ ಹಿಂದೆ ಕಲಾದಗಿಯ ತೋಪುಗಳಿದ್ದವು. ಟೇಲರನನ್ನು ಬರಿಯ ಆಂಗ್ಲ ಅಧಿಕಾರಿಯೆಂದು ತಳ್ಳಿಹಾಕುವವರು ಅವನ ಕೆರೆಯ ನೀರು ಕುಡಿದಿಲ್ಲ. ಅವನನ್ನು ದೇವರೆಂದು ಕೂರಿಸುವವರು ಆ ಡೇರೆಯ ಗುಂಡಿನ ಸದ್ದನ್ನು ಕೇಳಿಸಿಕೊಂಡಿಲ್ಲ.

ಹೈದರಾಬಾದ್ ಕರ್ನಾಟಕ ೧೯೪೮ರಲ್ಲಿ ನಿಜಾಮನಿಂದ ಬಿಡುಗಡೆಯಾಯಿತು, ೧೯೫೬ರಲ್ಲಿ ಕನ್ನಡನಾಡಿಗೆ ಕೂಡಿತು. ೨೦೦೯ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಬಂಗಲೆ ಬಹುಕಾಲದಿಂದ ಸರಕಾರದ ಪ್ರವಾಸಿ ಮಂದಿರವಾಗಿ ಬಳಕೆಯಾಗಿದೆ. ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದುವ ಅಭ್ಯಾಸವಿರುವವರು ಗಮನಿಸಿರಬಹುದು: ಸಂಘದ ಸಭೆ ಟೇಲರ್ ಮಂಜಿಲ್ಲಿನಲ್ಲಿ, ಪದಾಧಿಕಾರಿಗಳ ಆಯ್ಕೆ ಟೇಲರ್ ಮಂಜಿಲ್ಲಿನಲ್ಲಿ, ಪತ್ರಕರ್ತರೊಡನೆ ಮಾತುಕತೆ ಟೇಲರ್ ಮಂಜಿಲ್ಲಿನಲ್ಲಿ. ಊರಿಗೆ ಅದು ಆಗಲೇ ಕೂಡುಮನೆಯಾಗಿದೆ. ಇದು ಸಣ್ಣ ಮಾತಲ್ಲ. ಜನ ಬಂದು ಹೋಗುವ ಮನೆ ಬೀಳುವುದಿಲ್ಲ. ಬೀಗ ಹಾಕಿದ ಅರಮನೆಗಳು ನಮ್ಮ ಕಣ್ಣೆದುರಿಗೇ ಎಷ್ಟು ಬಿದ್ದಿಲ್ಲ! ಮಂಜಿಲ್ ಉಳಿದಿದ್ದರೆ ಆ ಪ್ರವಾಸಿಗಳಿಂದ, ಆ ಸಭೆಗಳಿಂದ, ಸುಣ್ಣ ಬಳಿಯುವ ಇಲಾಖೆಯಿಂದ.

ಕೊರತೆಯಿರುವುದು ಇಷ್ಟೇ. ಒಂದು ಕೋಣೆಯಾದರೂ ಕಥೆ ಹೇಳಬೇಕು. ಅದಕ್ಕೆ ರೋಮ್ ನಗರದ ಸಿರಿ ಬೇಡ. ರಾಜನಕೋಳೂರು, ವಿಭೂತಿಹಳ್ಳಿಗಳ ಕಲ್ಲುಗಳನ್ನು ಕುರಿತು ಟೇಲರ್ ಬರೆದ ನಕಾಶೆಗಳ ಪ್ರತಿ, ಅವನ ಕಾಗದಗಳ ಕನ್ನಡ ಅನುವಾದ, ಸುರಪುರದ ಚಿಕಣಿ ಚಿತ್ರಗಳ ನಾಲ್ಕು ಮಾದರಿ. ಇವುಗಳೊಂದಿಗೆ ವೆಂಕಟಪ್ಪ ನಾಯಕನ ಚಿತ್ರವೂ ಗೋಡೆಯ ಮೇಲೆ ಇರಬೇಕು, ಟೇಲರನ ಚಿತ್ರಕ್ಕೆ ಸಮನಾದ ಎತ್ತರದಲ್ಲಿ. ರಾಣಿ ಈಶ್ವರಮ್ಮನಿಗೂ ಒಂದು ಜಾಗ ಬಿಡಬೇಕು. ಅವಳ ಚಿತ್ರ ಸಿಗದಿದ್ದರೆ ಚೌಕಟ್ಟು ಖಾಲಿಯಾಗಿಯೇ ಇರಲಿ, ಹೆಸರು ಮಾತ್ರ ಕೆಳಗಿರಲಿ. ವರ್ಷಕ್ಕೊಮ್ಮೆ ಫೆಬ್ರುವರಿ ೮ರಂದು ಅಂಗಳದಲ್ಲಿ ಸುರಪುರದ ಕಲಾವಿದರು ಆಟವಾಡಲಿ, ಹಾಡಲಿ. ಹಾಡಿನ ವಸ್ತುವಿಗೆ ಆ ಊರಿನಲ್ಲಿ ಬರವಿಲ್ಲ.

ಟೇಲರ್ ೧೮೭೫ರಲ್ಲಿ ಸಾಲಾರ್ ಜಂಗನ ಕರೆಗೆ ಓಗೊಟ್ಟು ಮತ್ತೊಮ್ಮೆ ಹೈದರಾಬಾದಿಗೆ ಬಂದಿದ್ದ. ಆ ವೇಳೆಗೆ ಕಣ್ಣು ಮಸುಕಾಗಿತ್ತು. ಜ್ವರ ಹಿಡಿದು ಹಿಂದಿರುಗಿದವನು ೧೮೭೬ರ ಮೇ ೧೩ರಂದು ಫ್ರಾನ್ಸಿನ ಮೆಂಟನ್ ಎಂಬಲ್ಲಿ ಕೊನೆಯುಸಿರೆಳೆದ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಅಚ್ಚು ಹಾಕಿಸಿದಳು.

ಹೋಗಿ ನೋಡಬೇಕೆನ್ನುವವರು ಮಳೆಗಾಲ ಕಳೆದ ಮೇಲೆ ಹೋಗುವುದು ಒಳ್ಳೆಯದು. ಬೇಸಗೆಯಲ್ಲಿ ಸುರಪುರದ ಬಂಡೆಗಳು ಕಾದ ಹೆಂಚಾಗಿರುತ್ತವೆ. ಬೋನಾಳದ ಕೆರೆ ಈಗ ಪಕ್ಷಿಗಳ ನೆಲೆ. ಚಳಿಗಾಲದಲ್ಲಿ ದೂರದೂರದಿಂದ ಹಾರಿಬಂದ ಹಕ್ಕಿಗಳು ಅಲ್ಲಿ ಇಳಿದಿರುತ್ತವೆ. ಮಂಜಿಲ್ಲನ್ನು ಬೆಳಗ್ಗೆ ನೋಡಿ, ಇಳಿಹೊತ್ತಿಗೆ ಕೆರೆಯ ಏರಿಯ ಮೇಲಿರುವಂತೆ ಹೊತ್ತು ಹೊಂದಿಸಿಕೊಂಡರೆ ಒಂದು ದಿನದ ಪ್ರವಾಸಕ್ಕೆ ಸರಿಹೋಗುತ್ತದೆ. ರಾಜನಕೋಳೂರಿಗೆ ಮಾತ್ರ ಇನ್ನೊಂದು ದಿನ ಬೇಕು.